ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾಂಗಾ ಜೋಡಿಗೆ ಮೂರನೆಯದು ಸೇರುವಾಗ

ಕೈಯಲ್ಲಿ ಬಾರಿಸುವ ಕ್ಯೂಬಾದ ಎತ್ತರದ ಡ್ರಮ್ಮು ಕಾಂಗಾವನ್ನು ನುಡಿಸುವ ಹವ್ಯಾಸಿಗಳಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ: ಕೈಯಲ್ಲಿರುವ ಒಂದೆರಡು ಡ್ರಮ್ಮಿಗೆ ಇನ್ನೊಂದನ್ನು ಸೇರಿಸುವುದು ಹೇಗೆ? ಅವನ್ನೆಲ್ಲ ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನನ್ನ ಹತ್ತಿರ 10 ಮತ್ತು 11 ಇಂಚಿನ ಜೋಡಿ ಇದೆ. ಮೂರನೆಯದನ್ನು ಕೊಳ್ಳಬೇಕೆಂದಿದ್ದೇನೆ. ಅಂಗಡಿಯವರು ಕಿಂಟೊ ತಗೊಳ್ಳಿ ಅಂತಾರೆ, ಜೊತೆಗೆ ನುಡಿಸುವ ಗೆಳೆಯ ಟುಂಬಾ ಅಂತಾನೆ. ಯಾರ ಮಾತು ಕೇಳಲಿ?

ಉತ್ತರ: ಗೆಳೆಯನ ಮಾತು ಕೇಳಿ. ನಿಮ್ಮಲ್ಲಿರುವ ಎರಡೂ ಮೇಲಿನ ದನಿಯವು, ಕೆಳಗಿನ ಜಾಗ ಖಾಲಿ ಇದೆ.

ಗೊಂದಲಕ್ಕೆ ಮೂಲ ಹೆಸರುಗಳು. ಪೂರ್ಣ ಅಳತೆಯ ಸೆಟ್ಟಿನಲ್ಲಿ ಮೇಲಿನ ದನಿಯ ಕಿಂಟೊ 11 ಇಂಚು, ನಡುವಿನ ಕಾಂಗಾ (ಇಡೀ ವಾದ್ಯಕ್ಕೂ ಇದೇ ಹೆಸರು) 11.75, ಕೆಳಗಿನ ದನಿಯ ಟುಂಬಾ 12.5. ಇವುಗಳಿಗಿಂತ ಚಿಕ್ಕದು 10 ಇಂಚಿನ ಆಸುಪಾಸಿನ ರೆಕಿಂಟೊ, ದೊಡ್ಡದು 14 ಇಂಚಿನ ಸೂಪರ್ ಟುಂಬಾ. ಆದರೆ ಆರಂಭಿಕರಿಗೆಂದು ಮಾರುವ 10–11 ಜೋಡಿಯನ್ನು ತಯಾರಕರು 'ಕಿಂಟೊ ಮತ್ತು ಕಾಂಗಾ' ಎಂದೇ ಕರೆಯುವುದುಂಟು. ಪೆಟ್ಟಿಗೆಯ ಮೇಲಿನ ಹೆಸರನ್ನು ಬಿಡಿ, ಟೇಪು ಹಿಡಿದು ಬಾಯಿಯ ಅಗಲ ಅಳೆಯಿರಿ. ಆ ಲೆಕ್ಕದಲ್ಲಿ ನಿಮ್ಮ ಬಳಿ ಇರುವುದು ಒಂದು ರೆಕಿಂಟೊ, ಒಂದು ಕಿಂಟೊ.

ಇನ್ನು ಅಳತೆಯ ಲೆಕ್ಕ. ಚರ್ಮದ ದಪ್ಪ ಒಂದೇ ಎಂದಿಟ್ಟುಕೊಂಡರೆ ಶ್ರುತಿಯು ಬಾಯಿ ಅಗಲವಾದಷ್ಟೂ ಇಳಿಯುತ್ತದೆ, ಬಿಗಿತದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ಮುಖ್ಯ ಡ್ರಮ್ಮು ಷಡ್ಜವಾದರೆ ಟುಂಬಾ ಸಾಮಾನ್ಯವಾಗಿ ಅದರ ಕೆಳಗಿನ ಪಂಚಮ, ಅಂದರೆ ಕಂಪನ ಮುಕ್ಕಾಲು ಪಾಲು. ನಿಮ್ಮ 11 ಇಂಚಿನದನ್ನೇ ಅಷ್ಟು ಇಳಿಸಿದರೆ ಬಿಗಿತ ಶೇ 56ಕ್ಕೆ ಬೀಳುತ್ತದೆ. ಚರ್ಮ ಜೋತುಬಿದ್ದಂತಾಗಿ ಓಪನ್ ಟೋನು (ಅಂಚಿನ ಬಳಿ ಬಾರಿಸಿ ಕೈ ತಕ್ಷಣ ಎತ್ತಿದಾಗ ಬರುವ ತೆರೆದ ನಾದ) ಸತ್ತೇ ಹೋಗುತ್ತದೆ, ಬೆರಳು ಪುಟಿಯುವುದೂ ಇಲ್ಲ. ಅದೇ ಶ್ರುತಿಯನ್ನು 11.75 ಇಂಚಿನಲ್ಲಿ ಪಡೆಯಲು ಶೇ 64ರಷ್ಟು ಬಿಗಿತ ಬೇಕು, 12.5 ಇಂಚಿನಲ್ಲಾದರೆ ಶೇ 73 ಉಳಿಯುತ್ತದೆ. ಬಿಗಿತ ಹತ್ತಿರ ಹತ್ತಿರ ಇದ್ದಷ್ಟೂ ಒಂದರಿಂದ ಇನ್ನೊಂದಕ್ಕೆ ಕೈ ಹಾರಿಸಿದಾಗ ಅಂಗೈಗೆ ವ್ಯತ್ಯಾಸ ತಿಳಿಯುವುದಿಲ್ಲ. ಆದ್ದರಿಂದ 12 ಅಥವಾ 12.5 ಇಂಚಿನದನ್ನೇ ನೋಡಿ. ಮುಂದೆ ಆ 10 ಇಂಚಿನದು ಬೇಡವೆನಿಸಿದರೂ ಉಳಿದೆರಡು ಚೆನ್ನಾಗಿ ಹೊಂದುತ್ತವೆ.

ಕೊಳ್ಳುವ ಮುನ್ನ ಎತ್ತರವನ್ನೂ ನೋಡಿ. ಅಗ್ಗದ ಜೋಡಿಗಳು ಹೆಚ್ಚಾಗಿ 28 ಇಂಚು ಎತ್ತರ, ಪೂರ್ಣ ಅಳತೆಯವು 30 ಇಂಚು. ಎರಡು ಇಂಚಿನ ಮೆಟ್ಟಿಲನ್ನು ಸ್ಟ್ಯಾಂಡಿನಲ್ಲಿ ಸರಿಪಡಿಸಬಹುದು, ನೆಲದ ಮೇಲಿಟ್ಟು ಕೂತು ನುಡಿಸುವವರಿಗೆ ಮಾತ್ರ ಕಿರಿಕಿರಿ. ಬಣ್ಣ ಹೊಂದದಿದ್ದರೆ ಹೊಂದದಿರಲಿ.

ಟುಂಬಾ ಕೊಳ್ಳಿ ಎಂಬ ಮಾತಿಗೆ ಒಂದೇ ಒಂದು ಅಪವಾದ ಕ್ಯೂಬಾದ ಹಾಡು-ಕುಣಿತದ ಪ್ರಕಾರವಾದ ರುಂಬಾ. ಅಲ್ಲಿ ಸಲಿಡೋರ್ (ಕೆಳದನಿ), ಟ್ರೆಸ್ ದೋಸ್ (ನಡುದನಿ), ಕಿಂಟೊ ಮೂರನ್ನೂ ಮೂವರು ಹಂಚಿಕೊಂಡು ನುಡಿಸುತ್ತಾರೆ, ಮನೋಧರ್ಮವೆಲ್ಲ ಕಿಂಟೊದವರದು. ಅಂಥ ಗುಂಪಿನಲ್ಲಿ ನಿಮ್ಮ ಪಾಲಿಗೆ ಬಂದದ್ದು ಕಿಂಟೊ ಆದರೆ ಒಳ್ಳೆಯ 11 ಇಂಚಿನದಕ್ಕೇ ಹಣ ಹಾಕಿ.

ಪ್ರಶ್ನೆ: ಒಬ್ಬರು ಹಳೆಯ ಮರದ ಟುಂಬಾ ಮಾರುತ್ತಿದ್ದಾರೆ. ಏನೇನು ಪರೀಕ್ಷಿಸಬೇಕು?

ಉತ್ತರ: ಮೊದಲು ಒಡಲು. ಡ್ರಮ್ಮನ್ನು ಅಡ್ಡ ಮಲಗಿಸಿ, ಕೋಣೆ ಕತ್ತಲು ಮಾಡಿ, ಕೆಳಬಾಯಿಯಿಂದ ಮೊಬೈಲಿನ ಟಾರ್ಚ್ ಒಳಗಿಟ್ಟು ಸುತ್ತ ತಿರುಗಿಸಿ. ಹಲಗೆಪಟ್ಟಿಗಳ ಬೆಸುಗೆಯಲ್ಲಿ ಎಲ್ಲಾದರೂ ಬೆಳಕಿನ ಗೆರೆ ಕಂಡರೆ ಅಲ್ಲಿ ಅಂಟು ಬಿಟ್ಟಿದೆ ಎಂದರ್ಥ. ಒಂದೆರಡು ಗೆರೆಗಳಾದರೆ ಮರದ ಅಂಟು ತುಂಬಿ ಬೆಲ್ಟಿನಿಂದ ಬಿಗಿದು ಕಟ್ಟಿದರೆ ಕೂಡಿಕೊಳ್ಳುತ್ತದೆ. ಬಿರುಕು ಬೆಸುಗೆಯನ್ನು ಬಿಟ್ಟು ಹಲಗೆಯ ನಡುವೆಯೇ ಓಡಿದ್ದರೆ, ಅದೂ ನಟ್ಟಿನ ಕಂಬಿ ಕೂರುವ ಜಾಗದಲ್ಲಿದ್ದರೆ, ಬಿಡಿ.

ಆಮೇಲೆ ಬಾಯಿಯ ಗುಂಡಗಿನ ಆಕಾರ. ಬಾಯಂಚಿನ ಅಗಲವನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಅಳೆಯಿರಿ. 2–3 ಮಿಲಿಮೀಟರ್ ಹೆಚ್ಚುಕಡಿಮೆ ನಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ಎಷ್ಟು ಬಿಗಿದರೂ ಒಂದು ಬದಿ ತಗ್ಗು, ಇನ್ನೊಂದು ಬದಿ ಹೆಚ್ಚು ಶ್ರುತಿಯಲ್ಲಿ ನಿಲ್ಲುತ್ತದೆ. ಚರ್ಮ ಬಿಚ್ಚಲು ಮಾರುವವರು ಒಪ್ಪದಿದ್ದರೆ ರಿಮ್ಮಿಗೂ (ಚರ್ಮವನ್ನು ಎಳೆದು ಹಿಡಿಯುವ ಲೋಹದ ಬಳೆ) ಒಡಲಿಗೂ ನಡುವಿನ ಸಂದನ್ನು ಸುತ್ತಲೂ ನೋಡಿದರೂ ಅಂದಾಜು ಸಿಗುತ್ತದೆ.

ಕೊನೆಗೆ ಕಬ್ಬಿಣ. ಪ್ರತಿ ನಟ್ಟನ್ನೂ ಅರ್ಧ ಸುತ್ತು ಸಡಿಲಿಸಿ ಮತ್ತೆ ಬಿಗಿಯಿರಿ. ಕರಕರ ಸದ್ದು ಬಂದರೆ ಗ್ರೀಸ್ ಒಣಗಿದೆ, ಅದು ಚಿಂತೆಯಲ್ಲ. ಬಿಗಿಯುತ್ತಾ ಹೋದಂತೆ ದಿಢೀರನೆ ಹಗುರಾದರೆ ಮರೆ (ಥ್ರೆಡ್ಡು) ಸವೆದಿದೆ, ರಿಮ್ಮನ್ನು ಎಳೆಯುವ ಹುಕ್ಕನ್ನೇ ಬದಲಿಸಬೇಕು. ಆ ಮಾದರಿಯ ಹುಕ್ಕು, ಚರ್ಮ ಈಗಲೂ ಸಿಗುತ್ತವೆಯೇ ಎಂದು ವಿಚಾರಿಸಿಕೊಂಡ ಮೇಲೆಯೇ ಬೆಲೆಯ ಮಾತಾಡಿ. ಚರ್ಮ ಹರಿದಿರುವುದು ದೊಡ್ಡ ದೋಷವಲ್ಲ, ಚೌಕಾಶಿಗೆ ಒಳ್ಳೆಯ ಆಧಾರ.

ಪ್ರಶ್ನೆ: ಮೂರನ್ನೂ ಶ್ರುತಿ ಮಾಡುವುದು ಹೇಗೆ? ಮೊಬೈಲಿನ ಟ್ಯೂನರ್ ಒಂದೊಂದು ಸಲ ಒಂದೊಂದು ಸ್ವರ ತೋರಿಸುತ್ತದೆ.

ಉತ್ತರ: ಟ್ಯೂನರಿನ ತಪ್ಪಲ್ಲ. ಕಾಂಗಾದಿಂದ ಮೂಲ ಸ್ವರದ ಜೊತೆ ಅದಕ್ಕೆ ಸರಿಯಾಗಿ ಹೊಂದದ ಉಪಸ್ವರಗಳೂ ಹೊರಡುತ್ತವೆ, ಯಂತ್ರ ಯಾವುದನ್ನು ಹಿಡಿಯುತ್ತದೋ ಅದನ್ನು ತೋರಿಸುತ್ತದೆ. ಸ್ವರವನ್ನು ಕೀಬೋರ್ಡಿನಲ್ಲೋ ಶ್ರುತಿ ಆ್ಯಪ್‌ನಲ್ಲೋ ಹಿಡಿದಿಟ್ಟು, ಬಾಯಲ್ಲಿ ಹಾಡಿಕೊಂಡು ಡ್ರಮ್ಮನ್ನು ಅದಕ್ಕೆ ತನ್ನಿ.

ಬಹಳ ಜನ ಬಳಸುವ ಕೂಡಿಕೆ: ಕಾಂಗಾ ಮಧ್ಯದ ಸಿ (262 ಹರ್ಟ್ಸ್), ಟುಂಬಾ ಅದರ ಕೆಳಗಿನ ಜಿ (196), ಕಿಂಟೊ ಮೇಲಿನ ಇ (330). ನಮ್ಮ ಲೆಕ್ಕದಲ್ಲಿ ಮಂದ್ರ ಪ, ಸ, ಅಂತರ ಗ. ಷಡ್ಜ ಸಿ ಆಗಲೇಬೇಕೆಂದಿಲ್ಲ. ಡ್ರಮ್ಮು ಯಾವ ಶ್ರುತಿಯಲ್ಲಿ ಬಾಯಿಬಿಟ್ಟು ಮಾತಾಡುತ್ತದೋ ಅದನ್ನೇ ಸ ಮಾಡಿಕೊಂಡು ಉಳಿದೆರಡನ್ನು ಅದಕ್ಕೆ ಹೊಂದಿಸಿ. ಪ್ರತಿ ಹಾಡಿನ ಶ್ರುತಿಗೂ ತಿರುಗಿಸುತ್ತಾ ಕೂರುವ ಅಗತ್ಯವಿಲ್ಲ, ಕಾಂಗಾದ ನಾದ ಅಷ್ಟು ಹೊತ್ತು ನಿಲ್ಲುವುದಿಲ್ಲ.

ಕ್ರಮ ಹೀಗಿರಲಿ. ಎಲ್ಲ ನಟ್ಟುಗಳನ್ನೂ ಬೆರಳಲ್ಲಿ ತಿರುಗುವಷ್ಟು ಸಡಿಲಿಸಿ, ಮತ್ತೆ ಬೆರಳಲ್ಲೇ ಸಮನಾಗಿ ತಾಗಿಸಿ. ರಿಮ್ಮಿನ ಮೇಲಂಚಿನಿಂದ ಒಡಲಿನ ಒಂದು ಗುರುತಿನವರೆಗೆ ಪ್ರತಿ ಹುಕ್ಕಿನ ಬಳಿ ಸ್ಕೇಲಿನಿಂದ ಅಳೆಯಿರಿ. ಈ ಅಳತೆ ಸಮನಾಗದೆ ಮುಂದೆ ಹೋಗಬೇಡಿ, ವಾಲಿದ ರಿಮ್ಮನ್ನು ಬಿಗಿದ ಮೇಲೆ ಸರಿಪಡಿಸುವುದು ಕಷ್ಟ. ನಂತರ ಸ್ಪ್ಯಾನರಿನಿಂದ ಕಾಲು ಸುತ್ತಿನಂತೆ, ಒಂದರ ಪಕ್ಕದ್ದು ಇನ್ನೊಂದು ಎಂದು ಸುತ್ತಲೂ ಬನ್ನಿ. ಎದುರುಬದುರು ನಟ್ಟು ಬಿಗಿಯುವ ಡ್ರಮ್ ಸೆಟ್ಟಿನ ಕ್ರಮ ಐದು ಹುಕ್ಕಿನ ಕಾಂಗಾಕ್ಕೆ ಹೊಂದುವುದಿಲ್ಲ, ಅಲ್ಲಿ ಒಂದಕ್ಕೆ ನೇರ ಎದುರು ಇನ್ನೊಂದು ಇರುವುದೇ ಇಲ್ಲ. ಒಂದು ಸುತ್ತು ಮುಗಿದಾಗಲೆಲ್ಲ ಅಂಗೈಯಿಂದ ನಡುವೆ ಒತ್ತಿ, ರಿಮ್ಮಿನಿಂದ 3–4 ಸೆಂಟಿಮೀಟರ್ ಒಳಗೆ ಪ್ರತಿ ಹುಕ್ಕಿನ ಮುಂದೆ ಬೆರಳಿಂದ ತಟ್ಟಿ ಕೇಳಿ. ತಗ್ಗಿದ ಕಡೆಯನ್ನು ಬಿಗಿಯಬೇಕು, ಏರಿದ ಕಡೆಯನ್ನು ಸಡಿಲಿಸುವುದು ಕಡೆಯ ಉಪಾಯ.

ಕಾಂಗಾ ಮುಗಿಸಿ ಟುಂಬಾ, ಕೊನೆಗೆ ಕಿಂಟೊ. ಕಿಂಟೊದಲ್ಲೇ ಹೆಚ್ಚಿನವರು ಎಡವುವುದು. ಸ್ಲ್ಯಾಪ್ (ಚಟ್ಟೆಂದು ಸಿಡಿಯುವ ಪೆಟ್ಟು) ಚುರುಕಾಗಿ ಕೇಳಲೆಂದು ಬಿಗಿಯುತ್ತಲೇ ಹೋಗುತ್ತಾರೆ. ಸ್ಲ್ಯಾಪ್ ಸಿಡಿಯುತ್ತದೆ ನಿಜ, ಆದರೆ ಓಪನ್ ಟೋನಿನಲ್ಲಿ ಒಡಲಿನ ನಾದ ಹೋಗಿ ಬರೀ ಟಿಕ್ ಉಳಿಯುತ್ತದೆ. ಓಪನ್ ಟೋನು ಕೆಟ್ಟ ಗಳಿಗೆಯಲ್ಲಿ ನಿಲ್ಲಿಸಿ, ಅರ್ಧ ಸುತ್ತು ಹಿಂದೆ ಬನ್ನಿ.

ನಿಜವಾದ ಚರ್ಮವಿದ್ದರೆ ನುಡಿಸಿದ ಮೇಲೆ ಪ್ರತಿ ನಟ್ಟನ್ನೂ ಒಂದೊಂದು ಸುತ್ತು ಸಡಿಲಿಸುವುದು ಒಳ್ಳೆಯದು, ಎಲ್ಲದಕ್ಕೂ ಲೆಕ್ಕ ಒಂದೇ ಇರಲಿ. ಒಣ ಹವೆಯಲ್ಲಿ ಚರ್ಮ ತಾನಾಗಿ ಎಳೆದುಕೊಂಡು ಹುಕ್ಕು ಬಗ್ಗಿಸುವಷ್ಟು, ಹಲಗೆ ಸೀಳುವಷ್ಟು ಬಿಗಿಯಾಗಬಲ್ಲದು. ಮುಚ್ಚಿದ ಕಾರಿನಲ್ಲಿ ಬಿಸಿಲಿಗೆ ಬಿಟ್ಟರೆ ಇನ್ನೂ ಬೇಗ. ತೇವದ ಹವೆಯಲ್ಲಿ ಶ್ರುತಿ ಇಳಿಯುತ್ತದೆ. ಪ್ಲಾಸ್ಟಿಕ್ ಹೆಡ್ಡಿಗೆ (ಡ್ರಮ್ಮಿನ ಬಾಯಿಯ ಹೊದಿಕೆಗೆ) ತೇವದ ಭಯವಿಲ್ಲ.

ಪ್ರಶ್ನೆ: ಟುಂಬಾ ತಂದಾಗಿನಿಂದ ಕಾಂಗಾ ಬಾರಿಸಿದರೆ ಟುಂಬಾ ತಾನಾಗಿ ಗುಂಯ್ ಅನ್ನುತ್ತದೆ. ಜೊತೆಗೆ ಎಲ್ಲೋ ಗಿರ್ ಗಿರ್ ಸದ್ದು.

ಉತ್ತರ: ಎರಡೂ ಬೇರೆ ಬೇರೆ. ಗುಂಯ್ ಅನ್ನುವುದು ಅನುರಣನ, ಸ್ವಲ್ಪ ಇದ್ದರೆ ಸೊಗಸು. ಅತಿಯಾದರೆ ಡ್ರಮ್ಮುಗಳ ನಡುವೆ ಒಂದು ಗೇಣು ಅಂತರ ಬಿಡಿ, ಟುಂಬಾದ ನಟ್ಟುಗಳನ್ನೆಲ್ಲ ಒಂದಿಷ್ಟೇ ತಿರುಗಿಸಿ ನೋಡಿ. ಟುಂಬಾ ಇಲ್ಲದ ಹಾಡಿನಲ್ಲಿ ಅದರ ಮೇಲೊಂದು ದಪ್ಪ ಬಟ್ಟೆ ಹಾಸಿಬಿಡಿ.

ಗಿರ್ ಗಿರ್ ಸದ್ದು ಮಾತ್ರ ಯಾವುದೋ ಸಡಿಲ ತುಂಡಿನದು. ಒಬ್ಬರು ಬಾಸ್ ಪೆಟ್ಟು (ಚರ್ಮದ ನಡುವೆ ಅಂಗೈಯಿಂದ ಹೊಡೆಯುವುದು) ಹಾಕುತ್ತಿರಲಿ, ಇನ್ನೊಬ್ಬರು ಹುಕ್ಕು, ಒಡಲಿಗೆ ಕೂರಿಸಿದ ಕಂಬಿ, ಸ್ಟ್ಯಾಂಡಿನ ಕಿವಿನಟ್ಟು ಇವನ್ನು ಒಂದೊಂದಾಗಿ ಬೆರಳಿಂದ ಒತ್ತುತ್ತಾ ಬರಲಿ. ಯಾವುದನ್ನು ಒತ್ತಿದಾಗ ಸದ್ದು ನಿಲ್ಲುತ್ತದೋ ಅದೇ ಕಳ್ಳ. ಅಲ್ಲಿ ವಾಷರ್ ಹಾಕಿ ಬಿಗಿಯಿರಿ. ಏನೂ ಸಿಗದಿದ್ದರೆ ಎರಡು ರಿಮ್ಮುಗಳು ಒಂದಕ್ಕೊಂದು ತಾಗುತ್ತಿವೆಯೇ ನೋಡಿ. ಜೋಡಿ ಸ್ಟ್ಯಾಂಡಿನಲ್ಲಿ ಇದು ತೀರಾ ಸಾಮಾನ್ಯ.

ಪ್ರಶ್ನೆ: 11.75 ಇಂಚಿನ ಹೊಸ ಹೆಡ್ ತಂದರೆ ನನ್ನ 11.75 ಇಂಚಿನ ಕಾಂಗಾದ ಮೇಲೆ ಕೂರುತ್ತಿಲ್ಲ. ಮೋಸ ಹೋದೆನೇ?

ಉತ್ತರ: ಇಲ್ಲ. ಆ ಸಂಖ್ಯೆ ಹೆಸರಿಗೆ ಮಾತ್ರ. ಚರ್ಮ ಸುತ್ತಿದ ಒಳಬಳೆಯ ವ್ಯಾಸ, ಅಂಚಿನ ಇಳಿಜಾರು, ರಿಮ್ಮಿನ ಆಕಾರ ಪ್ರತಿ ತಯಾರಕರಿಗೂ ಬೇರೆ. ಒಬ್ಬರದೇ ಬೇರೆ ಬೇರೆ ಮಾದರಿಗಳಿಗೂ ಬೇರೆ ಇರಬಹುದು. ಹಳೆಯ ಹೆಡ್ಡಿನ ಬಳೆಯ ಹೊರವ್ಯಾಸ, ಒಳವ್ಯಾಸ, ಬಾಯಂಚಿನ ಹೊರವ್ಯಾಸ ಮೂರನ್ನೂ ಮಿಲಿಮೀಟರಿನಲ್ಲಿ ಬರೆದುಕೊಂಡು, ಡ್ರಮ್ಮಿನ ಮಾದರಿ ಹೇಳಿಯೇ ತರಿಸಿ.

ಚರ್ಮವೋ ಪ್ಲಾಸ್ಟಿಕ್ಕೋ ಎಂಬುದಕ್ಕೆ ನಮ್ಮ ಸಲಹೆ: ಟುಂಬಾ, ಕಾಂಗಾಗಳಿಗೆ ಎಮ್ಮೆ ಅಥವಾ ಹಸುವಿನ ಚರ್ಮ, ಕಿಂಟೊ ಒಂದಕ್ಕೆ ಬೇಕಿದ್ದರೆ ಪ್ಲಾಸ್ಟಿಕ್. ದಪ್ಪ ಚರ್ಮ ಕೆಳಗಿನ ಸ್ವರಕ್ಕೆ ಒಳ್ಳೆಯದು, ತೆಳುವಾದದ್ದು ಕಿಂಟೊಗೆ.

ಚರ್ಮ ಕೂರಿಸುವಾಗ ತಣ್ಣೀರಿನಲ್ಲಿ ಕೆಲವು ಗಂಟೆ, ದಪ್ಪವಾಗಿದ್ದರೆ ರಾತ್ರಿಯಿಡೀ ನೆನೆಸಿ. ಬೇಗ ಆಗಲೆಂದು ಬಿಸಿನೀರು ಬೇಡವೇ ಬೇಡ, ಬಿಸಿಗೆ ಚರ್ಮ ಮುದುಡಿ ಗಡುಸಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ. ಒದ್ದೆಯಾಗಿಯೇ ಹೊದಿಸಿ, ಸುಕ್ಕು ಹೋಗುವಷ್ಟು, ರಿಮ್ಮು ಚರ್ಮದ ಮಟ್ಟಕ್ಕಿಂತ ತುಸು ಕೆಳಗಿಳಿಯುವಷ್ಟು ಮಾತ್ರ ಬಿಗಿಯಿರಿ. ಬಿಸಿಲು, ಫ್ಯಾನು ತಾಗದ ಕಡೆ ಎರಡು ಮೂರು ದಿನ ಬಿಡಿ. ಒಣಗುತ್ತಾ ಅದೇ ಎಳೆದುಕೊಳ್ಳುತ್ತದೆ. ಒದ್ದೆಯಲ್ಲೇ ಪೂರ್ತಿ ಶ್ರುತಿಗೆ ತಂದವರ ಚರ್ಮ ಒಣಗುವ ಹೊತ್ತಿಗೆ ಬಳೆಯ ಬಳಿ ಸೀಳುತ್ತದೆ. ಬಿಚ್ಚಿದ್ದಾಗಲೇ ಹುಕ್ಕುಗಳ ಮರೆಗೆ ಲಿಥಿಯಂ ಗ್ರೀಸ್ ಹಚ್ಚಿಬಿಡಿ.

ಪ್ರಶ್ನೆ: ಮೂರು ಡ್ರಮ್ಮು ಯಾವ ಕ್ರಮದಲ್ಲಿ ಇಡಬೇಕು? ಸ್ಟ್ಯಾಂಡ್ ಬೇಕೇ?

ಉತ್ತರ: ಬಲಗೈಯವರಾದರೆ ಕಾಂಗಾ ಎದುರಿಗೆ, ಟುಂಬಾ ಬಲಕ್ಕೆ, ಕಿಂಟೊ ಎಡಕ್ಕೆ. ಮೂರರ ಬಾಯಿಗಳೂ ಒಂದೇ ಮಟ್ಟದಲ್ಲಿರಲಿ. ಕೂತು ನುಡಿಸುವಾಗ ಎದುರಿನದನ್ನು ಮೊಣಕಾಲುಗಳ ನಡುವೆ ಹಿಡಿದು ಮುಂದಕ್ಕೆ ತುಸು ಓರೆ ಮಾಡಿ. ಕೆಳಬಾಯಿ ನೆಲಕ್ಕೆ ಪೂರ್ತಿ ಮುಚ್ಚಿದ್ದರೆ ಬಾಸ್ ಪೆಟ್ಟು ಹೊರಗೆ ಬರುವುದೇ ಇಲ್ಲ. ಪಕ್ಕದವುಗಳನ್ನು ಬುಟ್ಟಿಯಂಥ ಗಿಡ್ಡ ಸ್ಟ್ಯಾಂಡಿನಲ್ಲಿಟ್ಟರೆ ಅವುಗಳ ಬಾಯಿಯೂ ತೆರೆದಿರುತ್ತದೆ.

ನಿಂತು ನುಡಿಸುವವರಿಗೆ ಜೋಡಿ ಸ್ಟ್ಯಾಂಡಿನ ಜೊತೆ ಮೂರನೆಯದಕ್ಕೆ ಬಿಡಿ ಸ್ಟ್ಯಾಂಡು ಬೇಕಾಗುತ್ತದೆ. ಮೂರು ಬಿಡಿ ಸ್ಟ್ಯಾಂಡುಗಳೇ ನಮಗೆ ಮೆಚ್ಚು, ಅಂತರವನ್ನು ನಿಮ್ಮ ತೋಳಿಗೆ ತಕ್ಕಂತೆ ಇಟ್ಟುಕೊಳ್ಳಬಹುದು.

ಪ್ರಶ್ನೆ: ಎರಡನೆಯ ಡ್ರಮ್ಮು ಬಂದರೂ ಕೈ ಒಂದರ ಮೇಲೇ ಓಡುತ್ತದೆ. ಅಭ್ಯಾಸ ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮಗೆ ಗೊತ್ತಿರುವ, ಕಾಂಗಾದ ಮೂಲ ನಡೆಯಾದ ಟುಂಬಾವೊದಿಂದಲೇ. ಎಂಟು ಪೆಟ್ಟುಗಳು: ಹೀಲ್ (ಅಂಗೈಯ ಬುಡ), ಟಿಪ್ (ಬೆರಳ ತುದಿ), ಸ್ಲ್ಯಾಪ್, ಟಿಪ್, ಹೀಲ್, ಟಿಪ್, ಓಪನ್, ಓಪನ್. ಕೈಗಳು: ಎಡ, ಎಡ, ಬಲ, ಎಡ, ಎಡ, ಎಡ, ಬಲ, ಬಲ. ಇದನ್ನು ಎರಡು ಆವರ್ತ ನುಡಿಸಿ. ಕ್ಲಾವೆಯಲ್ಲಿ (ಹಾಡಿನುದ್ದಕ್ಕೂ ನಡೆಯುವ, ಎರಡು ಆವರ್ತದಲ್ಲಿ ಐದು ಪೆಟ್ಟಿನ ತಾಳ) ಮೂರು ಪೆಟ್ಟು ಬೀಳುವ ಆವರ್ತದಲ್ಲಿ ಮಾತ್ರ ನಾಲ್ಕನೆಯ ಪೆಟ್ಟನ್ನು ಬದಲಿಸಿ: ಎಡಗೈಯ ಟಿಪ್ ಬದಲು ಬಲಗೈಯಲ್ಲಿ ಟುಂಬಾದ ಮೇಲೆ ಒಂದು ಓಪನ್. ಬೊಂಬೊ ಎನ್ನುವುದು ಈ ಜಾಗವನ್ನೇ, ಕ್ಲಾವೆಯ ಎರಡನೆಯ ಪೆಟ್ಟೂ ಇಲ್ಲೇ ಬೀಳುತ್ತದೆ. ಉಳಿದ ಹದಿನೈದು ಪೆಟ್ಟು ಇದ್ದಲ್ಲೇ ಇರಲಿ.

ತೊಡಕು ಬರುವುದು ಮೂರನೆಯ, ನಾಲ್ಕನೆಯ ಪೆಟ್ಟುಗಳ ನಡುವೆ. ಎರಡೂ ಬಲಗೈಯದ್ದೇ ಆದ್ದರಿಂದ ಸ್ಲ್ಯಾಪ್ ಹೊಡೆದು ಕೈ ಅಲ್ಲೇ ನಿಂತರೆ ಟುಂಬಾಕ್ಕೆ ತಲುಪುವುದು ತಡವಾಗುತ್ತದೆ. ಸ್ಲ್ಯಾಪಿನ ಪುಟಿತದಲ್ಲೇ ಮುಂದೋಳು ಬಲಕ್ಕೆ ಹೊರಳಬೇಕು, ಭುಜ ಏಳಬಾರದು. ಮೆಟ್ರೊನೋಮ್ 60ಕ್ಕೆ ಇಟ್ಟು, ಆ ಒಂದು ಪೆಟ್ಟು ಗಟ್ಟಿಯಾಗಿ, ಕಾಲಕ್ಕೆ ಸರಿಯಾಗಿ ಬಿದ್ದ ಮೇಲೆ ನಾಲ್ಕು ನಾಲ್ಕರಂತೆ ಏರಿಸಿ. ಕಿಂಟೊ ಮುಟ್ಟುವುದು ಇದಾದ ಮೇಲೆ.

ಒಬ್ಬರೇ ಹಲವು ಕಾಂಗಾ ನುಡಿಸುವ ರೂಢಿಗೆ ದಾರಿ ಹಾಕಿದವರು ಕ್ಯೂಬಾದ ಕ್ಯಾಂಡಿಡೊ ಕಮೆರೊ (1921–2020). 1946ರಲ್ಲಿ ನೃತ್ಯ ಜೋಡಿಯೊಂದರ ಜೊತೆ ಅಮೆರಿಕಕ್ಕೆ ಹೋದಾಗ ಇಬ್ಬರು ವಾದಕರನ್ನು ಕರೆದೊಯ್ಯುವಷ್ಟು ಹಣವಿರಲಿಲ್ಲ. ಅವರು ಒಂದು ಕೈಯಲ್ಲಿ ಟುಂಬಾವೊ, ಇನ್ನೊಂದರಲ್ಲಿ ಕಿಂಟೊ ನುಡಿಸಿದರು. ಮುಂದೆ ಮೂರು ಡ್ರಮ್ಮುಗಳನ್ನು ಸ್ವರಕ್ಕೆ ಕೂಡಿಸಿ ರಾಗದ ಎಳೆಗಳನ್ನೇ ನುಡಿಸುತ್ತಿದ್ದರು. ನಿಮಗೆ ಸದ್ಯಕ್ಕೆ ಆ ಒಂದು ಬೊಂಬೊ ಸಾಕು.

ಪ್ರಶ್ನೆ: ಅದೇ ಹಣಕ್ಕೆ ಬಾಂಗೊ ಎಂಬ ಚಿಕ್ಕ ಡ್ರಮ್ಮುಗಳ ಜೋಡಿ ಬರುತ್ತದೆ. ಮೂರನೆಯ ಕಾಂಗಾದ ಬದಲು ಅದು ಆಗದೇ?

ಉತ್ತರ: ತಂಡದಲ್ಲಿ ಬಾಂಗೊದವರು ಯಾರೂ ಇಲ್ಲದಿದ್ದರೆ ಆಗಬಹುದು. ಆದರೆ ಅದು ಬೇರೆಯೇ ವಾದ್ಯ, ನಡೆಯೂ ಬೇರೆ, ಬೆರಳ ತುದಿಯ ಕೆಲಸವೂ ಬೇರೆ. ಕಾಂಗಾ ಕೈಯಲ್ಲಿ ಬಾಂಗೊ ಹೊಡೆದರೆ ಚೆನ್ನಾಗಿ ಕೇಳುವುದಿಲ್ಲ. ಎರಡು ಕಾಂಗಾ ಇನ್ನೂ ಸರಾಗವಾಗಿ ಬಾರದಿದ್ದರೆ ಎರಡೂ ಬೇಡ.

ಪ್ರಶ್ನೆ: ವೇದಿಕೆಯಲ್ಲಿ ಎರಡೇ ಮೈಕ್ ಕೊಡುತ್ತಾರೆ. ಮೂರು ಡ್ರಮ್ಮಿಗೆ ಹೇಗೆ ಹಂಚಲಿ?

ಉತ್ತರ: ಕಾಂಗಾ, ಟುಂಬಾಗಳ ನಡುವೆ ಒಂದು, ಕಿಂಟೊಗೆ ಒಂದು. ರಿಮ್ಮಿಗಿಂತ 10–15 ಸೆಂಟಿಮೀಟರ್ ಮೇಲೆ, ಕೈಗೆ ತಾಗದಂತೆ ಆಚೆ ಬದಿಯಿಂದ. ಶ್ಯೂರ್ ಎಸ್‌ಎಂ57 ಥರದ ಸಾಧಾರಣ ಡೈನಮಿಕ್ ಮೈಕೇ ಸಾಕು. ಮೈಕಿನಿಂದ ಚರ್ಮಕ್ಕೆ ಎಷ್ಟು ದೂರವೋ ಅದರ ಮೂರು ಪಟ್ಟಾದರೂ ಎರಡು ಮೈಕುಗಳ ನಡುವೆ ಇರಲಿ, ಇಲ್ಲದಿದ್ದರೆ ಒಂದರ ದನಿ ಇನ್ನೊಂದನ್ನು ತಿಂದು ಬಾಸ್ ತೆಳುವಾಗುತ್ತದೆ.

ಪ್ರಶ್ನೆ: ಮೂರು ಡ್ರಮ್ಮು ಆದಮೇಲೆ ಅಭ್ಯಾಸ ಹೆಚ್ಚಾಗಿ ಬೆರಳ ಬುಡ ಊದುತ್ತಿದೆ. ಸಹಿಸಿಕೊಂಡು ನುಡಿಸಬಹುದೇ?

ಉತ್ತರ: ಬೇಡ. ಊತ ಇಳಿಯುವವರೆಗೆ ಬಿಡಿ, ಆಮೇಲೆ 15–20 ನಿಮಿಷಕ್ಕೊಮ್ಮೆ ನಿಲ್ಲಿಸಿ ನುಡಿಸಿ. ಉಂಗುರ, ವಾಚು ತೆಗೆದಿಡಿ. ಬೆರಳ ಬುಡದ ಮೂಳೆ ರಿಮ್ಮಿಗೆ ಬಡಿಯುತ್ತಿದ್ದರೆ ಆಸನ ತಗ್ಗಾಗಿದೆ ಎಂದು ತಿಳಿಯಿರಿ, ಎತ್ತರಿಸಿ. ಇನ್ನೊಂದು ವಿಷಯ: ಗಂಟೆಗಟ್ಟಲೆ ಜೋರಾಗಿ ಬಾರಿಸಿದವರಿಗೆ ಮೂತ್ರ ಕೆಂಪು ಅಥವಾ ಕಂದು ಬಣ್ಣಕ್ಕೆ ತಿರುಗುವುದುಂಟು. ಪೆಟ್ಟಿಗೆ ಅಂಗೈಯಲ್ಲಿ ಕೆಂಪು ರಕ್ತಕಣಗಳು ಒಡೆದು ಆಗುವ ತೊಂದರೆ ಇದು, ವೈದ್ಯಕೀಯದಲ್ಲಿ ದಾಖಲಾಗಿದೆ. ಹಾಗೆ ಕಂಡರೆ ನುಡಿಸುವುದನ್ನು ಅಂದೇ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಪ್ರಶ್ನೆ: ನಾಲ್ಕನೆಯದು ಸೂಪರ್ ಟುಂಬಾ ತಗೊಳ್ಳಲೇ?

ಉತ್ತರ: 14 ಇಂಚಿನ ಡ್ರಮ್ಮು ಬಾಸ್ ಗಿಟಾರಿನ ಜಾಗಕ್ಕೇ ಕೈ ಹಾಕುತ್ತದೆ. ಬಾಸ್ ನುಡಿಸುವವರು ತಂಡದಲ್ಲಿದ್ದರೆ ಮೊದಲು ಅವರನ್ನು ಕೇಳಿ. ಒಬ್ಬರೇ ನುಡಿಸುವವರಾದರೆ ತಗೊಳ್ಳಿ. ಎಡಗೈ ಕೊನೆಗೆ, ಕಿಂಟೊದ ಆಚೆ ಇಟ್ಟರೆ ಎಡಗೈಗೂ ಒಂದು ಕೆಳಸ್ವರ ಸಿಗುತ್ತದೆ. ಮನೆಯ ಬಾಗಿಲಿನ ಅಗಲ, ಕಾರಿನ ಡಿಕ್ಕಿ ಎರಡನ್ನೂ ಅಳೆದುಕೊಂಡು ಹೋಗಿ. ಅದರ ಹೊಟ್ಟೆ ಬಾಯಿಗಿಂತ ಅಗಲ.